ಮುಂಗೈ ಮೇಲಿನ ಹೆಸರು

ಘಾಟ್ಕೋಪರ್, ಮುಂಬಯಿ
ರವಿವಾರ, ೨೧ ನವೆಂಬರ್ ೧೯೫೪

ಪ್ರೀತಿಯ ಅವ್ವಾ,

ನಿನ್ನ ರುದ್ರವ್ವನ ಶರಣು. ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ, ಮಲಗುತ್ತೀಯಾ, ತಲೆಗೆ ಎಣ್ಣೆ ಹಚ್ಚುತ್ತೀಯಾ ಎಂದು ಕೇಳಿದ್ದೀ. ಮೂರಕ್ಕೂ ಇಲ್ಲ. ಈ ಪತ್ರವನ್ನು ಅಪ್ಪನ ಕೈಗೆ ಸಿಗದಂತೆ ಅಡುಗೆಮನೆಯಲ್ಲಿ ಕೂತು ಓದು. ಇದು ನಾಲ್ಕನೆಯ ಹಾಳೆ. ಮೊದಲಿನ ಮೂರನ್ನು ಹರಿದು ಒಲೆಗೆ ಹಾಕಿದೆ, ಕಾಗದ ದಂಡ ಎಂದು ಚಿಕ್ಕಮ್ಮ ಆಗಿನಿಂದ ಗೊಣಗುತ್ತಿದ್ದಾಳೆ.

ನಿನ್ನೆ ಅಂಗರಚನೆಯ ಪರೀಕ್ಷೆ ಮುಗಿಯಿತು. ಭುಜದಿಂದ ಬೆರಳ ತುದಿಯವರೆಗೆ ಯಾವ ನರ ಎಲ್ಲಿ ಹಾಯುತ್ತದೆ, ಯಾವ ಸ್ನಾಯು ಯಾವ ಬೆರಳನ್ನು ಎಳೆಯುತ್ತದೆ, ಎಲ್ಲವನ್ನೂ ದೇಹದ ಮೇಲೇ ತೋರಿಸಿ ಒಪ್ಪಿಸಬೇಕು. ಪಾಸಾದೆ. ಫೇಲಾದರೆ ಓದು ಬಿಡಿಸಿ ಕರೆಸಿಕೊಳ್ಳುತ್ತೇನೆಂದು ಅಪ್ಪ ಹೇಳಿದ್ದು ಅವರಿಗೆ ಮರೆತಿರಬಹುದು, ನನಗಿಲ್ಲ. ಅವರಿಗೆ ಇಷ್ಟು ಹೇಳು, ಮುಂದಿನದು ಬೇಡ.

ನಮ್ಮ ಮೇಜಿನ ಮೇಲಿರುವುದು ಒಬ್ಬ ಅಜ್ಜಿ. ಆಸ್ಪತ್ರೆಯಲ್ಲಿ ಸತ್ತು, ಕೇಳುವವರು ಯಾರೂ ಬರದಿದ್ದರೆ ಅಂಥವರನ್ನು ನಮ್ಮ ಕಲಿಕೆಗೆ ಕಳಿಸುತ್ತಾರೆ. ನನಗೂ ನನ್ನ ಜೊತೆಗಾತಿ ಫ್ರೇನಿಗೂ ಎಡಗೈ ಪಾಲಿಗೆ ಬಂದಿತ್ತು. ನಿನ್ನೆ ಎಲ್ಲ ಮುಗಿದ ಮೇಲೆ, ಬಿಡಿಸಿದ ಚರ್ಮವನ್ನು ಮೊದಲಿನಂತೆ ಮುಚ್ಚುವಾಗ ಹಚ್ಚೆ ಕಂಡಿತು. ಕನ್ನಡ ಅಕ್ಷರ, ಅವ್ವಾ! ‘ಮುರಿಗೆಪ್ಪ ತಿಕೋಟಿ’. ಫ್ರೇನಿ ಅದನ್ನು ಹೂಬಳ್ಳಿ ಎಂದುಕೊಂಡಿದ್ದಳು. ಇಡೀ ಹಾಲಿನಲ್ಲಿ ಓದಬಲ್ಲವಳು ನಾನೊಬ್ಬಳೇ.

ಅದು ಗಂಡನ ಹೆಸರು ಎಂದು ನಿನಗೆ ಬಿಡಿಸಿ ಹೇಳಬೇಕೆ? ರೇಷನ್ ಕಚೇರಿಯಲ್ಲಿ ಯಜಮಾನರ ಹೆಸರು ಕೇಳಿದಾಗ ನೀನು ಬಾಯಿ ಬಿಡದೆ ಸೆರಗು ಸರಿಸಿ ಕೈ ಚಾಚಿದೆ. ಗುಮಾಸ್ತ ಹಚ್ಚೆ ಓದಿಕೊಂಡು ಬರೆದ. ನಾನು ನಾಚಿಕೆಯಿಂದ ಸತ್ತೇ ಹೋದೆ. ಈ ಅಜ್ಜಿಗೆ ಅಂಥ ಗುಮಾಸ್ತ ಸಿಗಲಿಲ್ಲ.

ದೇಹಗಳನ್ನು ತಂದು ಇಡುವವನು ಚೆನ್ನಯ, ಉಡುಪಿ ಕಡೆಯವನು. ಕನ್ನಡ ಆಡುತ್ತಾನೆ, ಓದಲು ಬರುವುದಿಲ್ಲ. ಅವನಿಗೆ ಹೆಸರು ಓದಿ ಹೇಳಿದೆ. ಅವನು ಹಾಗೇ ನೆಲಕ್ಕೆ ಕೂತುಬಿಟ್ಟ. ಅಜ್ಜಿಯನ್ನು ಜ್ವರದಲ್ಲಿ ಯಾರೋ ಬೀದಿಯಿಂದ ತಂದು ಸೇರಿಸಿದ್ದರಂತೆ. “ಗಂಡನ ಹೆಸರು ಎಂತ ಅಂತ ಕೇಳಿದ್ರೆ ಕೈ ಮುಂದೆ ಮಾಡುದು ಮಾರಾಯ್ರೆ. ನಾಡಿ ನೋಡ್ಲಿಕ್ಕೆ ಅಂತ ಎಣಿಸಿದ್ರು ಬರೆಯುವವರು” ಎಂದ. ಮೂರು ಸಲ ಕೇಳಿದರು, ಮೂರು ಸಲವೂ ಆಕೆ ಕೈ ಚಾಚಿದಳು. ನಾಡಿ ಹಿಡಿದು ನೋಡಿ, ಗಂಡನ ಹೆಸರಿನ ಜಾಗ ಖಾಲಿ ಬಿಟ್ಟರು.

ಅಷ್ಟೇ ಆಗಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆ. ಕಳೆದ ಬುಧವಾರ ಒಬ್ಬ ಅಜ್ಜ ಹೆಂಡತಿಯನ್ನು ಹುಡುಕಿಕೊಂಡು ನಮ್ಮ ಬಾಗಿಲಿಗೇ ಬಂದಿದ್ದನಂತೆ. ಬೈಕುಲ್ಲಾ ಮಾರ್ಕೆಟ್ಟಿನ ಉಳ್ಳಾಗಡ್ಡಿ ವಖಾರಿಯಲ್ಲಿ ಮೂಟೆ ಹೊರುವ ಹಮಾಲಿ. ಮಾತು ತಿಳಿಯಲೆಂದು ಚೆನ್ನಯನನ್ನು ಕರೆಸಿದ್ದರು. “ಮಾರ್ಕೆಟ್ಟಿನ ಗದ್ದಲದಾಗ ಕೈ ತಪ್ಪಿ ಹೋದ್ಲರಿ, ಎರಡು ತಿಂಗಳಾತು. ಅಂಬವ್ವ ಅಂತ ಹೆಸರು. ಮುರಿಗೆಪ್ಪ ತಿಕೋಟಿ ಹೆಂಡ್ತಿ ಅಂತ ನೋಡ್ರಿ” ಎಂದನಂತೆ. ರಿಜಿಸ್ಟರಿನಲ್ಲಿದ್ದದ್ದು ಅಂಬಾಬಾಯಿ, ಅದರ ಮುಂದೆ ಗಂಡನ ಹೆಸರಿಲ್ಲ. ಅಂಥವರು ಯಾರೂ ಇಲ್ಲವೆಂದು ಕಳಿಸಿಬಿಟ್ಟರು.

ನಾಳೆ ಪ್ರೊಫೆಸರ್ ಸಾಹೇಬರಿಗೆ ಹೇಳಿದರೆ ದೇಹ ಬಿಟ್ಟುಕೊಡುತ್ತಾರೆ, ಅಜ್ಜ ಮಣ್ಣು ಮಾಡಬಹುದು. ಆದರೆ ಮೊದಲು ಅವನಿಗೆ ತಿಳಿಸಬೇಕು. ತಿಳಿಸಬೇಕಾದವಳು ನಾನೇ. ಬೆಳಗಿನಿಂದ ಎರಡು ಸಲ ಸ್ಟೇಷನ್ನಿಗೆ ಹೋದೆ. ಒಮ್ಮೆ ಲೋಕಲ್ ಹತ್ತಿಯೂ ಕುರ್ಲಾದಲ್ಲಿ ಇಳಿದು ವಾಪಸು ಬಂದೆ. ನಿನ್ನೆ ಗೊತ್ತಾಯಿತು, ಗೊತ್ತಾದ ಕೂಡಲೇ ಬಂದೆ ಅಜ್ಜಾ ಎನ್ನಬೇಕು, ಅಷ್ಟೇ. ಅಷ್ಟು ಹೇಳಲು ಹೋಗದೆ ಇಲ್ಲಿ ಕೂತು ನಿನಗೆ ಬರೆಯುತ್ತಿದ್ದೇನೆ.

ನನ್ನ ಮೇಲೆ ಸಿಟ್ಟಾಗಬೇಡ. ಆದರೂ ಸರಿ, ಬರೆದು ತಿಳಿಸು.

ನಿನ್ನ ಮಗಳು,
ರುದ್ರವ್ವ

ತಾ.ಕ.: ಅವ್ವಾ, ‘ನಿನ್ನೆ’ ಎಂದದ್ದು ಸುಳ್ಳು. ಅಜ್ಜನೆದುರು ಆಡಲು ಬರುತ್ತದೆಯೋ ಇಲ್ಲವೋ ಎಂದು ಮೊದಲು ನಿನಗೆ ಬರೆದು ನೋಡಿದೆ. ಆ ಹೆಸರನ್ನು ನಾನು ಓದಿದ್ದು ಮೂರು ವಾರದ ಹಿಂದೆ, ಅಜ್ಜಿಯ ಕೈಗೆ ಚೂರಿ ತಾಗುವ ಮೊದಲೇ. ಬಾಯಿ ಬಿಟ್ಟಿದ್ದರೆ ದೇಹ ಹೋಗುತ್ತಿತ್ತು, ನನ್ನ ಪರೀಕ್ಷೆಯೂ ಹೋಗುತ್ತಿತ್ತು. ಫ್ರೇನಿ ಹೆದರಿ ಹಿಂದೆ ಸರಿದಳು, ಚರ್ಮ ಬಿಡಿಸಿದವಳು ನಾನು. ಬುಧವಾರ ಅಜ್ಜ ಬಾಗಿಲಲ್ಲಿ ನಿಂತಿದ್ದಾಗ ಒಳಗೆ ಅದೇ ಕೈ ಹಿಡಿದುಕೊಂಡು ನರಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಈಗ ಬೈಕುಲ್ಲಾಕ್ಕೆ ಹೊರಟೆ. ಮೂರು ವಾರ ಎಂದೇ ಹೇಳುತ್ತೇನೆ.