ಧಸಕು ಗೆರೆ

ಗುಳೇದಗುಡ್ಡ,
ಫೆಬ್ರವರಿ ೩೦, ೨೧೮೯

ನಿರಂಜನ,

ತಾರೀಖು ನೋಡಿ ನಗಬೇಡ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿದೆ. ಹೇಗೆ ಸಿಕ್ಕಿತೆನ್ನುವುದು ಬೇರೆಯೇ ಜಗಳದ ಕಥೆ. ನಿನ್ನ ಕಾಲದ ಕನ್ನಡವನ್ನು ಹಳೆಯ ಕಡತಗಳಿಂದ ಕಲಿತು ಬರೆಯುತ್ತಿದ್ದೇನೆ, ಮಾತು ವಿಚಿತ್ರವೆನಿಸಿದರೆ ಕ್ಷಮೆ ಇರಲಿ. ಆದರೆ ಒಂದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ತೀರಿಹೋದವರನ್ನು ‘ನೀವು’ ಎನ್ನುವುದು ನಮ್ಮ ರೂಢಿ. ನಿನ್ನನ್ನು ‘ನೀನು’ ಎನ್ನುತ್ತೇನೆ, ಬೇಕೆಂದೇ.

ಈ ಕಾಗದ ಹಿನ್ನಂಚೆಯಲ್ಲಿ ಬರುತ್ತಿದೆ. ಹಿನ್ನಂಚೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಒಬ್ಬರಿಗೆ ಬದುಕಿನಲ್ಲಿ ಒಂದೇ ಕಾಗದಕ್ಕೆ ಅನುಮತಿ, ತಲುಪುತ್ತದೆಂಬ ಖಾತರಿಯೂ ಇಲ್ಲ. ಜನ ಸಾಮಾನ್ಯವಾಗಿ ಸತ್ತ ತಾಯಿಗೆ ಬರೆಯುತ್ತಾರೆ. ನಾನು ಅದನ್ನು ನಿನ್ನಂಥವನ ಮೇಲೆ ಹಾಳುಮಾಡುತ್ತಿದ್ದೇನೆ, ನೋಡು. ನನ್ನ ಅಂದಾಜು ಸರಿಯಿದ್ದರೆ ಈಗ ಬೆಳಗಿನ ಹನ್ನೊಂದು ಗಂಟೆ. ನೀನು ಚಹಾ ಲೋಟ ಪಕ್ಕಕ್ಕಿಟ್ಟು, ಗುಳೇದಗುಡ್ಡದ ನೇಕಾರರ ದತ್ತಾಂಶವನ್ನು ‘ಶುಚಿ’ ಮಾಡಲು ಕುಳಿತಿದ್ದೀಯ.

ನಾನು ಇಳಾ ಸಾವಂತ್ರಿ. ನಿನ್ನದೇ ಕಸುಬಿನವಳು. ಮೈಮೇಲಿನ ಯಂತ್ರ ಹೇಳುವ ಬಡಿತವನ್ನೂ ಹೆತ್ತವರಿಂದ ಬಂದ ವಂಶವಾಹಿಯನ್ನೂ ಜೋಡಿಸಿ ನೋಡಿ ಹೃದಯದ ಕಾಯಿಲೆ ಹುಡುಕುವವಳು. ನಿನ್ನ ಕಾಲಕ್ಕೆ ಇದು ಹೊಸ ದಾರಿ, ಹೆಸರು ಮಾಡುವವರ ದಾರಿ. ನಮ್ಮಲ್ಲಿ ಬಡಗಿ ಕೆಲಸದಷ್ಟೇ ಸಾಮಾನ್ಯ. ಸಾವಂತ್ರಿ ಎನ್ನುವುದು ನನ್ನ ಮನೆತನದ ಹೆಸರು, ಅಜ್ಜಿಯ ಅಜ್ಜಿಗೂ ಹಿಂದಿನ ಸಾವಂತ್ರೆವ್ವನಿಂದ ಬಂದದ್ದು. ಅವಳು ನಿನಗೆ ನೆನಪಿರಲೇಬೇಕು. ಹೋದ ವಾರವಷ್ಟೇ ಅವಳ ಮನೆಯಲ್ಲಿ ಕುಳಿತು ಒಗ್ಗರಣೆ ಅವಲಕ್ಕಿ ತಿಂದು ಬಂದಿದ್ದೀಯ.

ನಮ್ಮ ಬದುಕು ಹೇಗಿದೆಯೆಂದು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ನಿನಗೆ ಅರ್ಥವಾಗುವುದಿಲ್ಲ. ಬಡಿತ ಅಳೆಯಲು ನೀನು ಕಟ್ಟುವ ಕೈಪಟ್ಟಿಗಳು ನಮ್ಮಲ್ಲಿಲ್ಲ. ಮಗುವನ್ನು ತೊಟ್ಟಿಲಿಗೆ ಹಾಕುವ ದಿನವೇ ಅದರ ಅಂಗಿಯ ಕೊರಳಪಟ್ಟಿಗೆ ಒಂದು ಎಳೆ ಹೊಲಿಯುತ್ತೇವೆ. ಅದಕ್ಕೆ ಎದೆಗಾವಲು ಎಂದು ಹೆಸರು. ಎದೆಯ ಲಯ ತಪ್ಪುತ್ತಿದ್ದಂತೆ ಅದು ಜೀರುಂಡೆಯ ಹಾಗೆ ಕೂಗುತ್ತದೆ. ಸಂತೆಯಲ್ಲೋ ಬಸ್ಸಿನಲ್ಲೋ ಯಾರ ಕೊರಳು ಕೂಗಿದರೂ ಅಕ್ಕಪಕ್ಕದವರು ಕೈಯಲ್ಲಿದ್ದುದನ್ನು ಬಿಟ್ಟು ಅವರನ್ನು ಮಲಗಿಸುತ್ತಾರೆ. ಎದೆಗೆ ಮದ್ದಿನ ಚೀಟಿ ಅಂಟಿಸುವುದು ಸೊಪ್ಪು ಮಾರುವವಳಿಗೂ ಗೊತ್ತು. ಶಾಲೆಯ ಮಕ್ಕಳು ಜೀರುಂಡೆಯ ದನಿ ಅಣಕಿಸಿ, ಮೇಷ್ಟ್ರನ್ನು ಗಾಬರಿಪಡಿಸಿ, ಚೆನ್ನಾಗಿ ಬೈಸಿಕೊಳ್ಳುತ್ತವೆ. ಆದರೆ ಓಡಿದರೆ, ಹೆದರಿದರೆ, ಮೆಚ್ಚಿದವರು ಎದುರು ಬಂದರೆ ಎಲ್ಲರ ಎದೆಯೂ ಎಗರುತ್ತದೆ. ಅಷ್ಟಕ್ಕೆಲ್ಲ ಕೂಗಿದರೆ ಊರು ನಡೆಯುವುದು ಹೇಗೆ? ಅದಕ್ಕೇ ಎದೆಗಾವಲು ಮೊದಲು ವಂಶವಾಹಿಗಳ ದೊಡ್ಡ ಪಟ್ಟಿ ನೋಡುತ್ತದೆ. ಪಟ್ಟಿ ‘ಅಪಾಯ’ ಎಂದರೆ ಕೂಗುತ್ತದೆ, ‘ನಿರುಪದ್ರವಿ’ ಎಂದರೆ ಸುಮ್ಮನಿರುತ್ತದೆ. ಆ ಪಟ್ಟಿಯಲ್ಲಿ ನಮ್ಮ ಮನೆತನದ ದೋಷದ ಮುಂದೆ ‘ನಿರುಪದ್ರವಿ’ ಎಂದು ಬರೆದವನು ನೀನು.

ನಿನಗೆ ಇನ್ನೂ ಆಗಬೇಕಾದದ್ದು ನನಗೆ ಆಗಿಹೋದ ಕಥೆ, ಹೇಗೆ ಬರೆದೆ ಎಂದು ನನಗೆ ಗೊತ್ತು. ನೇಕಾರ ಹೆಂಗಸರಿಗೆ ಕೈಪಟ್ಟಿ ಕಟ್ಟಿದೆ, ಅವರ ಉಗುಳನ್ನು ಕೊಳವೆಯಲ್ಲಿ ಹಿಡಿದೆ. ಸಾವಂತ್ರೆವ್ವನ ಕಿರಿಯ ಮಗಳು ರೇಣವ್ವನ ಉಗುಳಿನಲ್ಲಿ ಒಂದು ಅನುಮಾನದ ವಂಶವಾಹಿ ಸಿಕ್ಕಿತು. ಇನ್ನು ನೋಡಬೇಕಾದದ್ದು ಅವಳ ಬಡಿತ. ಹುಡುಗಿ ಬೆಳಗಿನಿಂದ ಸಂಜೆಯವರೆಗೆ ಕುಣಿಮಗ್ಗದಲ್ಲಿ ಕುಳಿತು ರವಿಕೆಯ ಖಣ ನೇಯುವವಳು. ಲಾಳಿ ಎಸೆಯುವ ಕೈಗೆ ಪಟ್ಟಿ ಕಟ್ಟಿದರೆ ಮಗ್ಗದ ಬಡಿತವೂ ಎದೆಯ ಬಡಿತವೂ ಕಲಸಿಕೊಳ್ಳುವುದು ಸಹಜ. ನೀನು ಅದನ್ನು ಕಸವೆಂದೆ. ಅವಳು ನೇಯ್ದ ಗಂಟೆಗಳನ್ನೆಲ್ಲ ಅಳಿಸಿ, ಮಲಗಿದ ಗಂಟೆಗಳನ್ನಷ್ಟೇ ಉಳಿಸಿಕೊಂಡೆ. ಮಲಗಿದ ಹುಡುಗಿಯ ಎದೆ ಗಡಿಯಾರದ ಹಾಗೆ ನಡೆಯುತ್ತಿತ್ತು. ನಿರುಪದ್ರವಿ ಎಂದು ಬರೆದು ಕೈ ತೊಳೆದುಕೊಂಡೆ.

ಯಾರೂ ಹೇಳಲಿಲ್ಲವೆಂದು ಬಾಯಿಬಿಡಬೇಡ. ಸಾವಂತ್ರೆವ್ವ ಹೇಳಿದ ಮಾತು ನಿನ್ನದೇ ಧ್ವನಿಮುದ್ರಣದಲ್ಲಿದೆ: “ಸುಮ್ನ ಕುಂತ್ರ ಏನೂ ಆಗಂಗಿಲ್ರೀ ಸಾಹೇಬ್ರ. ಲಾಳಿ ಓಡೂ ಮುಂದ ನಮ್ ರೇಣಿ ಎದಿ ಧಸಕ್ ಅಂತೈತಿ, ಕೈ ಸೋಲತೈತಿ. ನೋಡ್ರಿಲ್ಲೆ, ಗೆರಿ ಬಿದ್ದೈತಿ.” ಆ ತಾಯಿ ಖಣವನ್ನು ನಿನ್ನ ಕಣ್ಣ ಮುಂದೆ ಹಿಡಿದಳು. ನೀನು ನಕ್ಕೆ. “ಅಮ್ಮಾ, ನಾವು ಬಟ್ಟೆ ನೋಡೋಕೆ ಬಂದಿಲ್ಲ, ಹಾರ್ಟ್ ನೋಡೋಕೆ ಬಂದಿರೋದು” ಎಂದೆ. ಆ ನಗೆಯೂ ಮುದ್ರಣದಲ್ಲಿದೆ. ನಾನು ಅದನ್ನು ಎಷ್ಟು ಸಲ ಕೇಳಿದ್ದೇನೆಂದರೆ ನಿದ್ದೆಯಲ್ಲಿ ಎಬ್ಬಿಸಿದರೂ ನಿನ್ನ ಹಾಗೆ ನಕ್ಕು ತೋರಿಸಬಲ್ಲೆ.

ನೀನು ಇದನ್ನು ಓದುವ ದಿನದಿಂದ ನಾಲ್ಕು ತಿಂಗಳಿಗೆ ರೇಣವ್ವ ಮಗ್ಗದ ಮೇಲೇ ಬೀಳುತ್ತಾಳೆ. ಹತ್ತೊಂಬತ್ತು ವರ್ಷ. ಅದೇ ವಾರ ನಿನ್ನ ಪ್ರಬಂಧ ಅಚ್ಚಾಗಿ, ಅದರ ಬೆನ್ನಿಗೆ ಪ್ರಶಸ್ತಿ, ದೊಡ್ಡ ಹುದ್ದೆ, ನಿನ್ನದೇ ಪ್ರಯೋಗಾಲಯ. ನಿನ್ನ ಕೈಕೆಳಗೆ ಕಲಿತವರೆಲ್ಲ ಅದೇ ಶುಚಿ ಮಾಡುವ ವಿದ್ಯೆ ಕಲಿತರು. ನಿನ್ನ ಒಂದು ಶಬ್ದ ಪಟ್ಟಿಯಿಂದ ಪಟ್ಟಿಗೆ ನಕಲಾಗುತ್ತಾ ನೂರೈವತ್ತಕ್ಕೂ ಹೆಚ್ಚು ವರ್ಷ ಬಾಳಿತು. ನಮ್ಮ ಮನೆತನದಲ್ಲಿ ಹನ್ನೊಂದು ಜನ ಬಾಳಲಿಲ್ಲ.

ಹನ್ನೊಂದನೆಯವಳು ನನ್ನ ಮಗಳು ತುಂಗೆ. “ಅವ್ವಾ, ಮೆಟ್ಲ ಹತ್ತೂ ಮುಂದ ಎದಿ ಧಸಕ್ ಅಂತು” ಎಂದು ಹೇಳಿದ್ದಳು, ಎರಡು ಸಲ. ಈ ಕಸುಬಿನಲ್ಲೇ ತಲೆ ನರೆಸಿಕೊಂಡ ನಾನು ಪಟ್ಟಿ ತೆಗೆದು ನೋಡಿದೆ, ನಿರುಪದ್ರವಿ ಎಂದಿತ್ತು. “ಏನಾಗಂಗಿಲ್ಲ ಹೋಗ” ಎಂದೆ. ಹೋದ ವರ್ಷ ಬಸ್ಸು ತಪ್ಪೀತೆಂದು ಓಡುವಾಗ ಬಿದ್ದಳು. ಕೊರಳು ಕೂಗಲಿಲ್ಲ. ಸುತ್ತ ಅಷ್ಟು ಜನ, ಎಲ್ಲರೂ ಎಡವಿ ಬಿದ್ದಳೆಂದುಕೊಂಡರಂತೆ. ನಿನ್ನ ಮೇಲೆ ನನಗೆ ಇಷ್ಟು ಹೊಟ್ಟೆ ಉರಿಯುವುದು ಯಾಕೆಂದರೆ, ಅವಳು ಹೇಳಿಕೊಂಡ ದಿನ ನಾನು ಕೊಟ್ಟದ್ದು ನಿನ್ನದೇ ಉತ್ತರ. ಈ ಸಿಟ್ಟನ್ನು ಇನ್ನು ಯಾರ ಮೇಲೆ ತೀರಿಸಿಕೊಳ್ಳಲಿ?

ಅವಳ ದಿನಕರ್ಮ ಮುಗಿದ ಮೇಲೆ, ತಲೆಮಾರುಗಳಿಂದ ಮನೆಯಲ್ಲಿ ಉಳಿದಿದ್ದ ಸಾವಂತ್ರೆವ್ವನ ಟ್ರಂಕು ತೆಗೆದೆ. ರೇಣವ್ವ ನೇಯ್ದ ಕೊನೆಯ ಖಣ ಅದರಲ್ಲಿತ್ತು, ಕತ್ತರಿಸದೆ, ಮಡಿಕೆಯಲ್ಲೇ. ದಿನದ ಕೆಲಸ ಮುಗಿದಾಗ ಅಂಚಿಗೆ ಒಂದು ಕೆಂಪು ಎಳೆ ಸೇರಿಸುವುದು ಆ ಮನೆಯ ಹೆಂಗಸರ ಪದ್ಧತಿ. ಹಾಗಾಗಿ ಯಾವ ದಿನ ಎಷ್ಟು ನೇಯ್ದಳೆಂದು ಓದಬಹುದು. ನೇಯ್ಗೆ ಹಲಗೆಯ ಹಾಗೆ ಗಟ್ಟಿ, ನಡುನಡುವೆ ಮಾತ್ರ ಒಂದೊಂದು ಸಡಿಲ ಗೆರೆ. ಎದೆ ಧಸಕ್ಕೆಂದಾಗ ಕೈ ಸೋತು, ಹೊಕ್ಕಿನ ಅಡ್ಡ ಎಳೆ ಸರಿಯಾಗಿ ಕೂರದೆ ಬಿದ್ದ ಗೆರೆಗಳು. ಮೊದಲು ದಿನಕ್ಕೊಂದು, ಆಮೇಲೆ ಮೂರು, ಕೊನೆಗೆ ಒಂಬತ್ತು. ತುಂಗೆಯ ಎದೆಗಾವಲು ಕೂಗದಿದ್ದರೂ ಬಡಿತಗಳನ್ನು ಉಳಿಸಿಕೊಂಡಿತ್ತು. ಅವಳ ಕೊನೆಯ ವಾರಗಳೂ ಹೀಗೆಯೇ ಏರಿದ್ದವು. ನೀನು ಅಳಿಸಿದ್ದನ್ನು ಬಟ್ಟೆ ಇಟ್ಟುಕೊಂಡಿತ್ತು, ನಿರಂಜನ. ಅಲ್ಲಿಂದ ಒಂದೇ ವರ್ಷದಲ್ಲಿ ದೋಷ ಹಿಡಿದೆ, ಮದ್ದೂ ಸಿದ್ಧವಾಗುತ್ತಿದೆ.

ಈಗ ನನ್ನ ಸರದಿ. ಹೊಸ ಕಾಯಿಲೆ ಸಿಕ್ಕರೆ ಅದಕ್ಕೆ ಹೆಸರಿಡುವ ಹಕ್ಕು ಅದರಿಂದ ಸತ್ತವರ ಮನೆಯವರದು. ಹೆಸರುಕಟ್ಟೆ ಎಂಬಲ್ಲಿ ಊರವರ ಮುಂದೆ ಮೂರು ಸಲ ಕೂಗಿ ಹೇಳಬೇಕು. ‘ಒಂದಲ್ಲ ಒಂದು ದಿನ ಒಂದು ಕಾಯಿಲೆಗೆ ನನ್ನ ಹೆಸರು ಬರಬೇಕು’ ಎಂದು ನೀನು ದಿನಚರಿಯಲ್ಲಿ ಬರೆದುಕೊಂಡಿದ್ದೀಯಲ್ಲ? ಬಂತು, ತಗೋ. ನಾಳೆ ಹತ್ತು ಗಂಟೆಗೆ ಇದಕ್ಕೆ ‘ನಿರಂಜನ ದೋಷ’ ಎಂದು ಹೆಸರಿಡುತ್ತೇನೆ. ಕಳಂಕವಿಲ್ಲದವನು ಎಂಬ ಅರ್ಥದ ಹೆಸರು ಇನ್ನು ಮುಂದೆ ಬಸುರಿಯರು ಆಸ್ಪತ್ರೆಯಲ್ಲಿ ಉಸಿರು ಬಿಗಿಹಿಡಿದು ಕೇಳುವ ಹೆಸರಾಗಲಿ. “ಡಾಕ್ಟ್ರ, ಕೂಸಿಗೆ ನಿರಂಜನ ಇಲ್ಲಲ್ರೀ?” ಎಂದು ಕೇಳಲಿ. ನಿನ್ನ ವಂಶದವರು ಯಾರೂ ಮಗುವಿಗೆ ಆ ಹೆಸರಿಡದಂತಾಗಲಿ. ನನಗೆ ಇದರಲ್ಲಿ ಸಂತೋಷವಿದೆ, ಸುಳ್ಳು ಹೇಳುವುದಿಲ್ಲ.

ಆದರೂ ಈ ಕಾಗದ ಬರೆದೆ, ಏಕೆಂದರೆ ನಿನ್ನ ಬೆರಳು ಅಳಿಸುವ ಕೀಲಿಯನ್ನು ಇನ್ನೂ ಒತ್ತಿಲ್ಲ. ಅಳಿಸಬೇಡ. ಎದ್ದು ಮೊದಲ ಬಸ್ಸಿಗೆ ಗುಳೇದಗುಡ್ಡಕ್ಕೆ ಹೋಗು. ಸಾವಂತ್ರೆವ್ವನ ಮುಂದೆ ಕುಳಿತು, ಆ ಗೆರೆ ಇನ್ನೊಮ್ಮೆ ತೋರಿಸಿ ಅವ್ವಾ ಎಂದು ಕೇಳು. ಪ್ರಶಸ್ತಿ ತಪ್ಪೀತು, ತಪ್ಪಲಿ.

ನಾಳೆ ಬೆಳಿಗ್ಗೆ ಎದ್ದಾಗ ಅಡುಗೆಮನೆಯಿಂದ “ಅವ್ವಾ, ಚಹಾ ಆರಾಕತ್ತೈತಿ” ಎಂಬ ದನಿ ಕೇಳಿದರೆ, ನಿನ್ನ ಹೆಸರು ನನಗೆ ಗೊತ್ತೇ ಇರುವುದಿಲ್ಲ. ಕೇಳದಿದ್ದರೆ, ಹತ್ತು ಗಂಟೆಗೆ ಹೆಸರುಕಟ್ಟೆ ಹತ್ತುತ್ತೇನೆ.

ತುಂಗೆಯ ತಾಯಿ,
ಇಳಾ ಸಾವಂತ್ರಿ