ಹತ್ತು ದಂಡದ ಪಾಠ

ಮೇ ೧೪, ಬುಧವಾರ

ಸಂಖ್ಯಾಶಾಸ್ತ್ರದಲ್ಲಿ ಎಂಬತ್ನಾಲ್ಕು! ಎರಡು ಸಲ ಡುಮ್ಕಿ ಹೊಡೆದ ವಿಷಯ.

ಆನ್‌ಲೈನ್ ಕಾಲೇಜಿನ ನಮ್ಮ ಓದಿನ ಗುಂಪಿಗೆ ಲೆಕ್ಕ ಹೇಳಿಕೊಡುವವಳು ಅಲಾಸ್ಕಾ ಸೇನಾ ನೆಲೆಯ ಅಡುಗೆಯವಳು, ದರ್ಜೆಯಲ್ಲಿ ನನಗಿಂತ ಕೆಳಗಿನ ಕಾರ್ಪೊರಲ್ ಕಿನ್ಯೋನೆಸ್. ತಪ್ಪು ಉತ್ತರಕ್ಕೆ ಕ್ಯಾಮೆರಾ ಮುಂದೆಯೇ ನೆಲಕ್ಕೆ ಕೈಯೂರಿ ಹತ್ತು ದಂಡ ಹೊಡೆಯಬೇಕು. “ಸಾರ್ಜೆಂಟ್, ಬೀಳಿ ನೆಲಕ್ಕೆ!” ಎಂದಾಗಲೆಲ್ಲ ಮೈ ಉರಿಯುತ್ತಿತ್ತು.

ಇವತ್ತು ಅಂಕ ಕೇಳಿ ಮಣಿಕಟ್ಟು ತಿಕ್ಕಿಕೊಂಡಳು. “ಅಬ್ಬ, ಇನ್ನು ನನ್ನ ಕೈಗೂ ರಜ.”

“ನಿನ್ನ ಕೈಗೇನಾಯ್ತು?”

“ನಿಮ್ ಜೊತೆ ನಾನೂ ಹೊಡೀತಿದ್ದೆ. ನೀವು ನೆಲ ನೋಡ್ತಿದ್ರಿ, ಕಾಣ್ಲಿಲ್ಲ. ಹೇಳಿಕೊಟ್ಟೋಳು ನಾನು, ತಪ್ಪು ನಂದೂ ಅಲ್ವಾ?”

ಅಂಕಕ್ಕಿಂತ ಅವಳನ್ನು ನೆನೆದೇ ಎದೆ ಉಬ್ಬುತ್ತಿದೆ. ಇಪ್ಪತ್ತು ವರ್ಷ ಸೈನಿಕರಿಂದ ದಂಡ ಹೊಡೆಸಿದ್ದೇನೆ. ಒಮ್ಮೆಯೂ ಜೊತೆಗೆ ಬಗ್ಗಿದವನಲ್ಲ. ನಾಳೆ ಆರಕ್ಕೆ ಕವಾಯತು. ಯಾರಾದರೂ ತಪ್ಪಿದರೆ ನಾನೂ...