ಒಂದು ಎನ್ನಬೇಕಿತ್ತು

ಬಾರ್ಕೂರು, 12-8-2003

ದೊಡ್ಡಕ್ಕಾ, ಇದನ್ನು ಅಮ್ಮನಿಗೆ ಓದಿ ಹೇಳಬೇಡ.

ಇಲ್ಲಿಯ ಅಕ್ಕಿ ಗಿರಣಿಯಲ್ಲಿ ಮೊದಲ ಮೂಟೆಗೆ ‘ಒಂದು’ ಎನ್ನುವಂತಿಲ್ಲ, ಶುಭವಾಗಲೆಂದು ‘ಲಾಭ’ ಎಂದೇ ಎಣಿಸಬೇಕು. ಬೆಳಿಗ್ಗೆ ಹಾಗೆ ಎಣಿಸಿಕೊಟ್ಟು ಎಂಎಸ್ಸಿ ಗಣಿತದ ಕ್ಲಾಸಿಗೆ ಓಡುತ್ತೇನೆ. ನಿನ್ನೆ ಸೆಮಿನಾರಿನಲ್ಲಿ ‘ಎನ್ ಅಂದರೆ ಒಂದು’ ಎಂದು ಶುರುಮಾಡುವಲ್ಲಿ ‘ಎನ್ ಅಂದರೆ ಲಾಭ’ ಎಂದುಬಿಟ್ಟೆ. “ಹ್ವಾಯ್, ಅಕ್ಕಿ ಎಷ್ಟ್ ಮುಡಿ ಆಯ್ತ್?” ಎಂದ ಹಿಂದಿನ ಬೆಂಚಿನವ. ಎಲ್ಲ ನಕ್ಕರು, ನನಗೆ ಮುಂದಿನದೆಲ್ಲ ಮರೆತೇಹೋಯಿತು. ಶನಿವಾರ ಸೆಮಿನಾರು ಮತ್ತೆ ಮಾಡದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ಏಳು ವರ್ಷ ಶಾಲೆ ಬಿಟ್ಟು ಮೀನು ಆಯ್ದವಳಿಗೆ ಇದು ದಕ್ಕುತ್ತದಾ?

ತೌಡಿನ ಧೂಳಿಗೆ ಕೆಮ್ಮು ಜೋರು, ಕಷಾಯದ ಪುಡಿ ಕಳಿಸು.

ಬಾಯಿ ತಿದ್ದಿಕೊಳ್ಳಲೆಂದು ಇವತ್ತು ಗಿರಣಿಯಲ್ಲೂ ‘ಒಂದು’ ಎಂದೇ ಎಣಿಸಿದೆ. ಧಣಿಗಳು “ನಾಳಿಂದ ನೀ ಬಪ್ಪುದ್ ಬ್ಯಾಡ” ಎಂದರು.

ಬಸ್ಸು ಬಂತು.

ಹರಿಣಾಕ್ಷಿ